ಸಿಂಹವಿಲ್ಲದ ರೂಪಾಯಿ

ಸಾನ್ವಿ ಜಾಮಿಟ್ರಿ ಬಾಕ್ಸನ್ನು ಮೂರನೇ ಸಲ ಮಂಚದ ಮೇಲೆ ಬೋರಲು ಹಾಕಿದಳು. ಕೈವಾರ ಬಿತ್ತು. ಸ್ಕೇಲು ಬಿತ್ತು. ಎರಡು ಮೊಂಡು ಪೆನ್ಸಿಲ್ ಬಿದ್ದವು. ಯಾವತ್ತೋ ಬಚ್ಚಿಟ್ಟು ಮರೆತಿದ್ದ ಪೆಪ್ಪರಮೆಂಟು ಕೂಡ ಬಿತ್ತು. ಬೀಳಬೇಕಾದದ್ದು ಮಾತ್ರ ಬೀಳಲಿಲ್ಲ.

“ಅಜ್ಜೀ! ಇದ್ರಲ್ಲಿದ್ದ ನನ್ನ ಕಾಯಿನ್ ಎಲ್ಲಿ?”

ಅಜ್ಜಿ ಗುರುಬಸಮ್ಮ ಕನ್ನಡಿಯ ಮುಂದೆ ನಿಂತು ರೇಷ್ಮೆ ಸೀರೆಯ ನೆರಿಗೆ ಹಿಡಿಯುತ್ತಿದ್ದರು. ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡಿದ್ದರು. ಹಾಗಾಗಿ ಉತ್ತರ “ಮ್ಮು ಮ್ಮ ಮ್ಮಿ” ಎಂದು ಬಂತು.

“ಪಿನ್ ತೆಗ್ದು ಮಾತಾಡು ಅಜ್ಜೀ!”

ಅಜ್ಜಿ ಒಂದು ಪಿನ್ನು ತೆಗೆದು ಹೆಗಲಿಗೆ ಚುಚ್ಚಿಕೊಂಡರು. ಇನ್ನೊಂದು ತೆಗೆದು ಸೊಂಟಕ್ಕೆ ಚುಚ್ಚಿಕೊಂಡರು. ಆಮೇಲೆ ಆರಾಮಾಗಿ ಹೇಳಿದರು.

“ಮುಯ್ಯಿ ಕವರಿಗೆ ಅಂಟಿಸ್ದೆ ಅಂದೆ.”

ಸಾನ್ವಿಯ ಕೈಯಿಂದ ಖಾಲಿ ಬಾಕ್ಸು ಜಾರಿತು.

ಮುಯ್ಯಿ ಅಂದರೆ ನಿಮಗೆ ಗೊತ್ತೇ ಇದೆ, ಮದುವೆಗೆ ಹೋದವರು ಕವರಿನಲ್ಲಿ ಹಾಕಿ ಕೊಡುವ ದುಡ್ಡು. ಐನೂರು ಕೊಡುವವರು ಐನೂರೇ ಕೊಟ್ಟು ಸುಮ್ಮನಾಗುವ ಹಾಗಿಲ್ಲ. ಸೊನ್ನೆಗೆ ನಿಲ್ಲಿಸಬಾರದಂತೆ, ಮೇಲೊಂದು ರೂಪಾಯಿ ಇರಲೇಬೇಕಂತೆ. ಅದೂ ಕವರಿನ ಒಳಗಲ್ಲ. ಹೊರಗೆ, ಮೂಲೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಅಂಟಿಕೊಂಡು ಕೂತಿರಬೇಕು. ಇಂಥ ಕಾನೂನು ಯಾರು ಮಾಡಿದರೋ ಗೊತ್ತಿಲ್ಲ, ಆದರೆ ಅದು ತಪ್ಪದ ಹಾಗೆ ನೋಡಿಕೊಳ್ಳುವ ಪೊಲೀಸು ಮಾತ್ರ ಗುರುಬಸಮ್ಮನೇ.

“ಬೇರೆ ರೂಪಾಯಿ ಸಿಗ್ಲಿಲ್ವಾ ನಿನಗೆ?” ಸಾನ್ವಿಯ ದನಿ ಆಗಲೇ ಅಳುವಿನ ಹತ್ತಿರ ಬಂದಿತ್ತು.

“ಎಲ್ಲಿಂದ ಸಿಗುತ್ತೆ? ಮನೆಯೆಲ್ಲಾ ಜಾಲಾಡ್ದೆ. ನಿಮ್ಮಪ್ಪನ್ನ ಕೇಳಿದ್ರೆ, ‘ದುಡ್ಡೆಲ್ಲಾ ಫೋನಲ್ಲಿದೆ ಅಮ್ಮಾ’ ಅಂತಾನೆ. ಫೋನಲ್ಲಿರೋ ರೂಪಾಯೀನ ಕವರಿಗೆ ಅಂಟಿಸಕ್ಕಾಗುತ್ತಾ? ಕೊನೆಗೆ ನಿನ್ನ ಡಬ್ಬೀಲಿ ಒಂದು ಸಿಕ್ತು. ಸದ್ಯ, ಶಿವನೇ ಅಂತ ಅಂಟಿಸ್ದೆ. ರಿಸೆಪ್ಷನ್‌ಗೆ ಹೋಗಿ ಕೊಟ್ಟೂ ಬಂದೆ.”

“ಕೊಟ್ಟೂ ಬಂದ್ಯಾ! ಯಾವಾಗ?”

“ನಿನ್ನೆ ಸಾಯಂಕಾಲ. ನೀನು ಡ್ರಾಯಿಂಗ್ ಕ್ಲಾಸಿಗೆ ಹೋಗಿದ್ಯಲ್ಲ, ಆವಾಗ.”

“ಅಜ್ಜೀ, ಅದು ಮಾಮೂಲಿ ಕಾಯಿನ್ ಅಲ್ಲ! ಒಂದು ಕಡೆ ಉಲ್ಟಾ ಇತ್ತು, ನೋಡ್ಲಿಲ್ವಾ?”

“ನೋಡ್ದೆ. ನನಗೇನು ಕಣ್ಣು ಕಾಣಲ್ವಾ? ಒಂದು ಕಡೆ ಅದೇನೋ ಕೆಟ್ಟೋಗಿತ್ತು. ಅದಕ್ಕೇ ಆ ಕಡೆ ಕೆಳಗೆ ಮಾಡಿ, ಚೆನ್ನಾಗಿರೋ ಕಡೆ ಮೇಲೆ ಮಾಡಿ ಫೆವಿಕ್ವಿಕ್ ಹಾಕಿ ಒತ್ತಿಬಿಟ್ಟೆ. ಯಾರಪ್ಪನ ಮನೆ ಗಂಟು ಹೋಗುತ್ತೆ? ಯಾರಿಗೂ ಗೊತ್ತಾಗಲ್ಲ ಬಿಡು.”

ಹೇಳುವಾಗ ಅಜ್ಜಿಯ ಮುಖದಲ್ಲಿ ದೊಡ್ಡ ಜಾಣತನ ಮಾಡಿದ ಕಳೆಯಿತ್ತು. ಸಾನ್ವಿ ಮಂಚದ ಮೇಲೆ ಕೈವಾರ, ಸ್ಕೇಲುಗಳ ನಡುವೆ ದೊಪ್ಪೆಂದು ಕುಳಿತಳು.

ಒಂದು ರೂಪಾಯಿಗೆ ಇಷ್ಟೊಂದು ರಾದ್ಧಾಂತವೇ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ, ಹೇಳುತ್ತೇನೆ.

ಆ ನಾಣ್ಯ ಸಾನ್ವಿಗೆ ಸಿಕ್ಕಿದ್ದು ಗುರುವಾರ, ಸೊಪ್ಪಿನ ಬಸವಮ್ಮನ ಬುಟ್ಟಿಯಿಂದ. ಚಾಮರಾಜಪೇಟೆಯ ಅವರ ಬೀದಿಯಲ್ಲಿ ಇನ್ನೂ ಚಿಲ್ಲರೆ ಕೊಡುವವಳು ಅಂದರೆ ಅವಳೊಬ್ಬಳೇ. ಅವಳು ಕೊಟ್ಟ ಚಿಲ್ಲರೆಯಲ್ಲಿ ಒಂದು ರೂಪಾಯಿ ವಿಚಿತ್ರವಾಗಿತ್ತು. ಒಂದು ಕಡೆ ಎಲ್ಲಾ ರೂಪಾಯಿಗಳಲ್ಲಿ ಇರುವಂತೆ ‘1’ ಅಂತ ಅಂಕಿ ಮತ್ತು ಪಕ್ಕದಲ್ಲಿ ರೂಪಾಯಿ ಗುರುತು. ತಿರುಗಿಸಿದರೆ ಆ ಕಡೆ ನಾಲ್ಕು ಸಿಂಹಗಳ ಚಿತ್ರ ಇರಬೇಕಲ್ಲ? ಇರಲಿಲ್ಲ. ಅಲ್ಲಿಯೂ ಅದೇ ಒಂದು, ಅದೇ ರೂಪಾಯಿ ಗುರುತು. ಆದರೆ ಎಲ್ಲ ಹಿಂದುಮುಂದಾಗಿ, ಕನ್ನಡಿಯಲ್ಲಿ ಕಂಡ ಹಾಗೆ. ಉಬ್ಬಿರುವ ಬದಲು ಒಳಕ್ಕೆ ತಗ್ಗಾಗಿ ಕೂತಿತ್ತು.

ಸಾನ್ವಿಯ ಅಪ್ಪ ಶಶಿಕಿರಣ್ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿದ್ದರು. ಅಚ್ಚಿನ ತಪ್ಪು ಎಲ್ಲಿ ಕಂಡರೂ ಅವರಿಗೆ ಕೈ ಕೆರೆಯುತ್ತಿತ್ತು. ಅಂಗಡಿ ಬೋರ್ಡಿನಲ್ಲಿ ಒಂದು ಒತ್ತಕ್ಷರ ಬಿಟ್ಟಿದ್ದರೂ ಸ್ಕೂಟರ್ ನಿಲ್ಲಿಸಿ ಹೇಳಿ ಬರುವ ಮನುಷ್ಯ. ಸಾಯಂಕಾಲ ಮನೆಗೆ ಬಂದವರು ಶರ್ಟು ಕೂಡ ಬದಲಿಸದೆ ನಾಣ್ಯ ಹಿಡಿದು ಕಿಟಕಿಯ ಹತ್ತಿರ ಕುಳಿತುಬಿಟ್ಟರು.

“ಅಬ್ಬಬ್ಬಾ! ಎಲ್ಲಿ ಸಿಕ್ತು ಪುಟ್ಟಿ ಇದು?”

“ಇದು ಡೂಪ್ಲಿಕೇಟಾ ಅಪ್ಪಾ?”

“ಡೂಪ್ಲಿಕೇಟ್ ಅಲ್ಲ ಕಣೇ. ಒರಿಜಿನಲ್ಲೇ ಎಡವಿ ಬಿದ್ದಿರೋದು. ನೋಡು, ಟಂಕಸಾಲೇಲಿ ಮೊದ್ಲು ಲೋಹದ ಉದ್ದನೆ ಪಟ್ಟಿ ಇರುತ್ತೆ. ಅಜ್ಜಿ ನಿಪ್ಪಟ್ಟಿಗೆ ಡಬ್ಬಿ ಮುಚ್ಚಳ ಒತ್ತಿ ಗುಂಡಗೆ ಕತ್ತರಿಸ್ತಾರಲ್ಲ, ಹಂಗೆ ಅದ್ರಿಂದ ಬಿಲ್ಲೆ ಕತ್ತರಿಸ್ತಾರೆ. ಬಿಲ್ಲೆ ಬಂದು ಮೆಷಿನ್‌ನಲ್ಲಿ ಕೂರುತ್ತೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ಧಡ್! ಒಂದೇ ಏಟಿಗೆ ಎರಡೂ ಕಡೆ ಚಿತ್ರ. ನಿಮಿಷಕ್ಕೆ ನೂರಾರು.”

“ಅಷ್ಟು ಫಾಸ್ಟಾ?”

“ಅಷ್ಟು ಫಾಸ್ಟು. ಬಿಲ್ಲೆ ಒಂಚೂರು ಪಕ್ಕಕ್ಕೆ ಜರುಗಿ ಕೂತ್ರೆ ಚಿತ್ರ ಅರ್ಧ ಆಚೆ ಹೋಗುತ್ತೆ. ಬಿಲ್ಲೇನೇ ಅರ್ಧ ಕಟ್ ಆಗಿ ಬಂದಿದ್ರೆ ಕಚ್ಚಿ ತಿಂದಂಗೆ ಕಾಣುತ್ತೆ. ಆದ್ರೆ ನಿನ್ನ ಕಾಯಿನ್ ಕತೆ ಬೇರೆ. ನಮ್ಮ ಪ್ರೆಸ್ಸಿಗೆ ಬಂದಿದ್ಯಲ್ಲ, ಇಂಕ್ ಒಣಗದೇ ಇರೋ ಕಾರ್ಡ್ ಮೇಲೆ ಇನ್ನೊಂದು ಕಾರ್ಡ್ ಬಿದ್ರೆ ಏನಾಗುತ್ತೆ?”

“ಮೇಲಿನ ಕಾರ್ಡಿನ ಬೆನ್ನಿಗೆ ಮೆತ್ಕೊಳ್ಳುತ್ತೆ. ಎಲ್ಲಾ ಉಲ್ಟಾ!”

“ಅಷ್ಟೇ! ಮುಂಚೆ ಅಚ್ಚಾದ ಒಂದು ರೂಪಾಯಿ ಕೆಳಗೆ ಬೀಳೋದು ಬಿಟ್ಟು ಮೇಲಿನ ಅಚ್ಚಿಗೇ ಕಚ್ಕೊಂಡು ಕೂತ್ಬಿಟ್ಟಿದೆ. ಆ ಅಚ್ಚಲ್ಲೇ ಸಿಂಹ ಇರೋದು. ಈಗ ಸಿಂಹ ಮುಚ್ಚೋಯ್ತಾ? ಅಷ್ಟರಲ್ಲಿ ಕೆಳಗೆ ಹೊಸ ಬಿಲ್ಲೆ ಬಂತು. ಧಡ್! ಸಿಂಹ ಒತ್ಬೇಕಾದ ಕಡೆ ಆ ಕಚ್ಕೊಂಡಿರೋ ರೂಪಾಯೀನೇ ಹೋಗಿ ಒತ್ತಿದೆ. ಅದ್ರಲ್ಲಿ ಉಬ್ಬಿದ್ದಿದ್ದು ಇದ್ರಲ್ಲಿ ತಗ್ಗಾಯ್ತು, ಸರಿ ಇದ್ದಿದ್ದು ಉಲ್ಟಾ ಆಯ್ತು. ಕೆಟ್ಟಿದ್ದನ್ನೆಲ್ಲಾ ಆರಿಸಿ ತೆಗೆಯೋರು ಅಲ್ಲಿರ್ತಾರೆ. ಅವ್ರ ಕಣ್ಣೂ ತಪ್ಪಿಸಿ ಇದು ಬಸವಮ್ಮನ ಬುಟ್ಟಿಗೆ ಬಂದಿದೆ ನೋಡು, ಭಲೇ ಕಿಲಾಡಿ!”

ಸಾನ್ವಿಗೆ ಆ ರಾತ್ರಿ ಊಟ ರುಚಿಸಲಿಲ್ಲ. ಬೆಳಗಾಗುವುದನ್ನೇ ಕಾದಳು. ಕಳೆದು ಹಾಕುತ್ತೀಯ ಅಂತ ಅಪ್ಪ ನಾಣ್ಯವನ್ನು ಸ್ಕೂಲಿಗೆ ಒಯ್ಯಲು ಬಿಡಲಿಲ್ಲ. ಒಯ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಶುಕ್ರವಾರ ಐದನೇ ಕ್ಲಾಸಿನಲ್ಲಿ ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಎರಡೂ ಕಡೆ ಒಂದೇ ಇರುವ ರೂಪಾಯಿ, ಒಂದು ಕಡೆ ಉಲ್ಟಾ, ಸಿಂಹ ಇಲ್ಲವೇ ಇಲ್ಲ.

ಹಿಂದಿನ ಬೆಂಚಿನಿಂದ ಸಂಕರ್ಷಣ ಕೇಳಿದ. “ಸಿಂಹ ಎಲ್ಲೋಯ್ತು? ಬನ್ನೇರುಘಟ್ಟಕ್ಕಾ?”

ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುಪ್ರಜಾ ಮಿಸ್ ಕೂಡ ನಗು ತಡೆಯಲು ಬೋರ್ಡಿನ ಕಡೆ ತಿರುಗಿದರು.

“ನಿಜವಾಗ್ಲೂ ಇದೆ! ಸೋಮವಾರ ತರ್ತೀನಿ!”

“ಬುರುಡೆ ಬಿಡ್ಬೇಡ ಗುರು. ತಂದ್ರೆ ನಾನು ಎಲ್ಲರ ಮುಂದೆ ನಿಂತ್ಕೊಂಡು ‘ನಾನು ಪೆದ್ದ’ ಅಂತ ಮೂರು ಸಲ ಹೇಳ್ತೀನಿ. ತರ್ಲಿಲ್ಲ ಅಂದ್ರೆ ನೀನು ‘ನಾನು ಬುರುಡೆ ಸಾನ್ವಿ’ ಅಂತ ಮೂರು ಸಲ ಹೇಳ್ಬೇಕು. ಬೆಟ್?”

“ಬೆಟ್!”

ಬೆಟ್ ಕಟ್ಟಿದ್ದು ಒಬ್ಬನ ಜೊತೆ. ಸಾಕ್ಷಿ ಮೂವತ್ತೆಂಟು ಜನ. ಸ್ಕೂಲು ಬಿಡುವ ಹೊತ್ತಿಗೆ ಅವಳ ಹೆಸರು ಬುರುಡೆ ಸಾನ್ವಿ ಅಂತಲೇ ಆಗಿತ್ತು. ವ್ಯಾನಿನಲ್ಲಿ ಎಲ್‌ಕೆಜಿ ಮಗುವೊಂದು ಕೂಡ “ಬುಲುಡೆ ಅಕ್ಕಾ” ಅಂದಿತು. ಈಗ ಹೇಳಿ, ಆ ಒಂದು ರೂಪಾಯಿ ಬರಿಯ ಒಂದು ರೂಪಾಯಿಯೇ?

“ಅಜ್ಜೀ, ಇವತ್ತು ಮದುವೆ ಮನೆಗೆ ಹೋಗ್ತೀವಲ್ಲ, ಆ ಕವರ್ ಒಂದ್ನಿಮಿಷ ವಾಪಸ್ ಕೇಳು ಅಜ್ಜೀ. ಪ್ಲೀಸ್.”

ಅಜ್ಜಿ ಕುಂಕುಮದ ಭರಣಿಯನ್ನೇ ಕೆಳಗೆ ಬಿಡುವುದರಲ್ಲಿದ್ದರು.

“ಕೊಟ್ಟ ಮುಯ್ಯಿ ವಾಪಸ್ ಕೇಳೋದಾ? ಕೆಟ್ಟ ರೂಪಾಯಿ ಅಂಟಿಸಿದ್ದೆ ಅಂತ ನನ್ನ ಬಾಯಲ್ಲೇ ಹೇಳೋದಾ? ಆ ಕಾವೇರಮ್ಮನ ಕೈಗೆ ಸಿಕ್ರೆ ಹನುಮಂತನಗರದ ತುದಿವರೆಗೂ ಡಂಗುರ ಹೊಡೀತಾರೆ. ಮಾನ ಮೂರು ಕಾಸಿಗೆ ಹೋಗುತ್ತೆ. ಬಾಯಿಗೆ ಬೀಗ ಹಾಕ್ಕೊಂಡು ಬರೋ ಹಾಗಿದ್ರೆ ಬಾ, ಇಲ್ಲಾಂದ್ರೆ ಮನೇಲಿರು.”

ಅಪ್ಪ ಮದುವೆ ಸೀಸನ್ನು ಅಂತ ಭಾನುವಾರವೂ ಪ್ರೆಸ್ಸಿಗೆ ಹೋಗಿದ್ದರು. ಅಮ್ಮ ತುಮಕೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದರು. ಸಾನ್ವಿಯ ಪರ ಮಾತಾಡುವವರು ಯಾರೂ ಇರಲಿಲ್ಲ. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಬೀಗದ ಕೈ ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡು ಆಟೋ ಹತ್ತಿದಳು.

ಮದುವೆ ಬಸವನಗುಡಿಯ ಒಂದು ಛತ್ರದಲ್ಲಿ. ಹುಡುಗಿ ಪ್ರಿಯಂವದಾ, ರಾಮಸ್ವಾಮಿ ಮೇಷ್ಟ್ರ ಮಗಳು. ಮೇಷ್ಟ್ರ ಅಕ್ಕನೇ ಈ ಕಾವೇರಮ್ಮ. ಹಿಂದೆ ಚಾಮರಾಜಪೇಟೆಯ ಒಂದೇ ವಠಾರದಲ್ಲಿ ಅವರೂ ಗುರುಬಸಮ್ಮನೂ ಅಕ್ಕಪಕ್ಕದ ಮನೆಯವರು. ನಲ್ಲಿ ನೀರಿನ ಸಾಲಿನಲ್ಲಿ ಜಗಳವಾಡಿ, ಸಾಯಂಕಾಲ ಒಬ್ಬರ ಮನೆಗೊಬ್ಬರು ಸಾರು ಕಳಿಸುತ್ತಿದ್ದವರು.

ಮುಯ್ಯಿ ಕವರುಗಳನ್ನೆಲ್ಲ ಕಾಯುವ ಕೆಲಸ ಕಾವೇರಮ್ಮನಿಗೆ ಸಿಕ್ಕಿತ್ತು. ಮಂಟಪದ ಮುಂದೆ ಮೂರನೇ ಸಾಲಿನಲ್ಲಿ ಒಂದು ಕುರ್ಚಿ. ಕುರ್ಚಿಯ ಮೇಲೆ ನೀಲಿ ಬಣ್ಣದ ಜಿಪ್ಪಿನ ಚೀಲ. ಚೀಲದ ಮೇಲೆ ಕಾವೇರಮ್ಮ. ಕಾವಿಗೆ ಕೂತ ಕೋಳಿಯ ಹಾಗೆ ಅಲ್ಲಾಡದೆ ಕುಳಿತಿದ್ದರು. ತಿಂಡಿಯನ್ನೂ ಅಲ್ಲಿಗೇ ತರಿಸಿಕೊಂಡಿದ್ದರಂತೆ.

ಸಾನ್ವಿ ಅದನ್ನೇ ನೋಡುತ್ತಾ ಕಂಬಕ್ಕೆ ಒರಗಿದ್ದಾಗ ಕಿವಿಯ ಹತ್ತಿರ ಯಾರೋ ಅಂದರು. “ಹಾಯ್ ಬುರುಡೆ!”

ತಿರುಗಿ ನೋಡಿದರೆ ಸಂಕರ್ಷಣ! ಜರಿಯಂಚಿನ ಪಂಚೆ, ಹೆಗಲ ಮೇಲೆ ಶಲ್ಯ, ಹಣೆಯಲ್ಲಿ ನಾಮ. ಪಂಚೆ ಜಾರದ ಹಾಗೆ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡಿದ್ದ.

“ನೀನೇನೋ ಇಲ್ಲಿ?”

“ನಮ್ಮನೆ ಮದುವೆ ಕಣೇ ಇದು. ಅಲ್ಲಿ ಕೂತಿರೋದು ನಮ್ಮಜ್ಜಿ.”

ಸಾನ್ವಿಯ ಬಾಯಿಯ ಬೀಗ ತಾನಾಗೇ ಕಳಚಿತು. ಕವರು, ಫೆವಿಕ್ವಿಕ್, ನೀಲಿ ಚೀಲ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

“ಮೊದ್ಲು ಸಿಂಹ ಕಾಣೆ. ಈಗ ಕಾಯಿನ್ನೇ ಕಾಣೆ. ನಾಳೆ ನೀನೂ ಕಾಣೆ ಅಂತೀಯಾ?” ಸಂಕರ್ಷಣ ಹಲ್ಲು ಕಿರಿದ. ಆದರೆ ಅವನ ಕಣ್ಣು ಆಗಲೇ ಚೀಲದ ಕಡೆ ಹೋಗಿತ್ತು. “ಏ, ನಿಜವಾಗ್ಲೂ ಅಲ್ಲಿದ್ಯಾ?”

“ಆಣೆಗೂ.”

ಅವನು ತಲೆ ಕೆರೆದುಕೊಂಡ. ತಲೆ ಕೆರೆಯಲು ಕೈ ಬಿಟ್ಟಾಗ ಪಂಚೆ ಜಾರಿತು. ಮತ್ತೆ ಹಿಡಿದುಕೊಂಡ. “ಅಜ್ಜಿ ಭೂಕಂಪ ಆದ್ರೂ ಏಳಲ್ಲ. ಆದ್ರೆ ಗಟ್ಟಿಮೇಳ ಅಂದ್ರೆ ಎದ್ದೇ ಏಳ್ತಾರೆ. ಅಕ್ಷತೆ ಹಾಕ್ಬೇಕಲ್ಲ! ಆವಾಗ ಎಳ್ಕೊಳೋಣ. ನೋಡಿ ಹಂಗೇ ಇಟ್ಬಿಡೋದು, ಅಷ್ಟೇ.”

ಇಬ್ಬರೂ ಬಗ್ಗಿಕೊಂಡು ನಾಲ್ಕನೇ ಸಾಲಿಗೆ ಹೋಗಿ, ಕಾವೇರಮ್ಮನ ಕುರ್ಚಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತರು.

“ಗಟ್ಟಿಮೇಳ! ಗಟ್ಟಿಮೇಳ!” ಪುರೋಹಿತರು ಬೆರಳು ಎತ್ತಿ ಆಡಿಸಿದರು. ಡೋಲು, ನಾದಸ್ವರ ಒಟ್ಟಿಗೇ ಭೋರ್ಗರೆದವು. ಛತ್ರಕ್ಕೆ ಛತ್ರವೇ ಎದ್ದು ನಿಂತಿತು. ಕಾವೇರಮ್ಮನೂ ಎದ್ದರು. ಸಂಕರ್ಷಣ ಚೀಲ ಎಳೆದ. ಸಾನ್ವಿ ಜಿಪ್ಪು ಎಳೆದಳು.

ಒಳಗೆ ನೂರಾರು ಕವರು. ಎಲ್ಲದರ ಮೇಲೂ ಚಿನ್ನದ ಬಣ್ಣದ ಗಣೇಶ, ಎಲ್ಲದರ ಮೂಲೆಯಲ್ಲೂ ಒಂದು ರೂಪಾಯಿ. ಅರ್ಧಕ್ಕರ್ಧ ಸುಲ್ತಾನ್‌ಪೇಟೆಯಲ್ಲಿ ಅಚ್ಚಾದ ಕವರುಗಳೇ. ಮೇಲಿಂದ ಅಕ್ಷತೆ ತಲೆಯ ಮೇಲೆ ಉದುರುತ್ತಿತ್ತು. ಸಾನ್ವಿ ಹೆಸರುಗಳನ್ನು ಓದುತ್ತಾ ಓದುತ್ತಾ ಕೊನೆಗೂ ಅಜ್ಜಿಯ ದುಂಡು ಅಕ್ಷರ ಹಿಡಿದಳು. ‘ಗುರುಬಸಮ್ಮ ಮತ್ತು ಕುಟುಂಬ, ಚಾಮರಾಜಪೇಟೆ.’

ಸಂಕರ್ಷಣ ಬಗ್ಗಿ ನೋಡಿದ. “ಇದಾ? ಇದು ಮಾಮೂಲಿ ಒಂದು ರೂಪಾಯಿ!”

“ಕೆಳಗಡೆ ಉಲ್ಟಾ ಇದೆ ಕಣೋ. ತಾಳು, ಕೀಳ್ತೀನಿ.”

ಉಗುರು ಹಾಕಿದಳು. ಬರಲಿಲ್ಲ. ಅಲ್ಲಾಡಿಸಿದಳು. ಅಜ್ಜಿ ಒತ್ತಿದ್ದೆಂದರೆ ಒತ್ತಿದ್ದೇ. ಹಲ್ಲು ಹಾಕೋಣವೇ ಅಂತ ಕವರನ್ನು ಬಾಯಿಯ ಹತ್ತಿರ ತಂದಳು.

ಅಷ್ಟರಲ್ಲಿ ವಾದ್ಯ ಠಕ್ಕಂತ ನಿಂತಿತು.

ಕಾವೇರಮ್ಮ ಕುಳಿತರು. “ಅಯ್ಯೋ, ಕುರ್ಚಿ ತಗ್ಗಾಗಿದೆಯಲ್ಲಾ!” ಎಂದು ಕೆಳಗೆ ಕೈ ಹಾಕಿ ತಡಕಿದರು. ಆಮೇಲೆ ಹಿಂದೆ ತಿರುಗಿದರು.

ಬಾಯಿ ತೆರೆದ ನೀಲಿ ಚೀಲ. ಹರಡಿ ಬಿದ್ದ ಕವರುಗಳು. ನಡುವೆ ಒಂದು ಕವರನ್ನು ಬಾಯಲ್ಲಿ ಕಚ್ಚಿಕೊಂಡ ಸಾನ್ವಿ. ಸಂಕರ್ಷಣ? ಅವನು ಅಲ್ಲಿರಲೇ ಇಲ್ಲ. ದೂರದ ಕಂಬದ ಹಿಂದಿನಿಂದ ಪಂಚೆಯ ಜರಿಯಂಚು ಮಾತ್ರ ಕಾಣುತ್ತಿತ್ತು.

“ಕೃಷ್ಣಾ! ಮುಯ್ಯಿ ಕವರ್ ಕಿತ್ತು ತಿಂತಿದೆಯಲ್ಲಾ ಈ ಮಗು! ಯಾರಮ್ಮ ನೀನು? ಯಾರ ಕಡೆಯೋಳು?”

ಅಕ್ಕಪಕ್ಕದವರೆಲ್ಲ ತಿರುಗಿದರು. “ಅಯ್ಯೋ ಕಳ್ಳೀ” ಅಂತ ಯಾರೋ ಅಂದರು. ಸಾನ್ವಿ ಕವರನ್ನು ಬಾಯಿಂದ ತೆಗೆದ ಮೇಲೂ ಬಾಯಿ ಮುಚ್ಚಲಿಲ್ಲ. ಹೇಳಲು ಮಾತೇನೋ ಇತ್ತು. ನಮ್ಮಜ್ಜಿ ಕೆಟ್ಟ ರೂಪಾಯಿ ಅಂಟಿಸಿದ್ದಾರೆ, ಅದಕ್ಕೆ ತೆಗೀತಿದೀನಿ. ಅಷ್ಟು ಹೇಳಿದರೆ ತಾನು ಪಾರು. ಆದರೆ ಅಜ್ಜಿ? ಎರಡು ಸಾಲಿನ ಆಚೆ ಅಜ್ಜಿ ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದರು.

ಸಾನ್ವಿ ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಮಾತ್ರ ದಳದಳ ಇಳಿಯತೊಡಗಿತು. ಇಷ್ಟು ಜನರ ಮುಂದೆ ಅವಳು ಅತ್ತಿದ್ದು ಯುಕೆಜಿಯ ಮೊದಲ ದಿನವೇ ಕೊನೆ.

“ಆ ಮಗು ನಂದು, ಕಾವೇರಮ್ಮನೋರೇ.”

ಗುರುಬಸಮ್ಮ ರೇಷ್ಮೆ ಸೀರೆಯನ್ನು ಎತ್ತಿ ಹಿಡಿದು, ಜನರ ಕಾಲು ತುಳಿಯುತ್ತಾ ಬಂದುಬಿಟ್ಟರು. ಬಂದವರೇ ಸಾನ್ವಿಯ ತಲೆಯ ಮೇಲೆ ಕೈಯಿಟ್ಟರು.

“ಮಗೂನೂ ನಂದು, ಕವರೂ ನಂದು, ತಪ್ಪೂ ನಂದೇ. ನಿನ್ನೆ ಮನೇಲಿ ಒಂದು ರೂಪಾಯಿ ಇರ್ಲಿಲ್ಲ. ಈ ಮಗು ಜೋಪಾನ ಮಾಡಿದ್ದ ಕೆಟ್ಟ ರೂಪಾಯಿ ಒಂದಿತ್ತು. ಗೊತ್ತಿದ್ದೂ ಗೊತ್ತಿದ್ದೂ ಅದನ್ನ ಮಗುಚಿ ಅಂಟಿಸಿ ಕೊಟ್ಟೆ. ಅವಳಿಗೆ ಅದು ನಾಳೆ ಸ್ಕೂಲಿಗೆ ಬೇಕಿತ್ತು. ಕೇಳಿದ್ಳು. ನಾನೇ ಬಾಯಿ ಮುಚ್ಚಿಸ್ದೆ. ಬೈಯೋದಾದ್ರೆ ನನ್ನ ಬೈದ್ಬಿಡಿ.”

ಒಂದು ಸಲ ಪಂಕ್ತಿಯಲ್ಲಿ ಕೂತಾಗ ಎಲೆಗೆ ಹಪ್ಪಳ ಬೀಳದಿದ್ದರೂ ಮರ್ಯಾದೆಗೆ ಅಂಜಿ ಕೇಳದೆ ಎದ್ದು ಬಂದವರು ಈ ಅಜ್ಜಿ. ಸಾನ್ವಿ ತಲೆಯೆತ್ತಿ ಅಜ್ಜಿಯನ್ನೇ ನೋಡಿದಳು.

ಕಾವೇರಮ್ಮ ಕವರನ್ನು ತೆಗೆದುಕೊಂಡರು. ಕನ್ನಡಕ ಮೇಲೇರಿಸಿ ಹತ್ತಿರದಿಂದ ನೋಡಿದರು. ಅಜ್ಜಿಯ ಮುಖ ನೋಡಿದರು. ಅವರ ಗಲ್ಲ ಅದುರಿತು. ಭುಜ ಅದುರಿತು. ಆಮೇಲೆ ಅವರು ಕುರ್ಚಿಯ ಮೇಲೆ ಕುಸಿದು ನಗತೊಡಗಿದರು. ಕೆಮ್ಮು ಬರುವವರೆಗೂ ನಕ್ಕರು.

“ಗುರುಬಸಮ್ಮನೋರೇ, ಇಷ್ಟಕ್ಕೆ ಇಷ್ಟು ಸಂಕಟ ಪಡ್ತೀರಲ್ಲಾ! ನಿಮ್ಮ ಶಶಿ ಮದುವೇಲಿ ನಾನೇನು ಮಾಡಿದ್ದೆ ಗೊತ್ತಾ? ಹೊರಡೋ ಹೊತ್ತಿಗೆ ರೂಪಾಯಿ ಸಿಗಲಿಲ್ಲ. ಎಂಟಾಣೆ ಅಂಟಿಸಿ ಕೊಟ್ಟುಬಿಟ್ಟೆ. ಇಂದಿಗೆ ಹದಿಮೂರು ವರ್ಷ ಆಯ್ತು, ಯಾರೂ ನೋಡಲಿಲ್ಲವಲ್ಲಾ ಸದ್ಯ ಅಂತ ಸಮಾಧಾನದಲ್ಲಿದ್ದೀನಿ!”

“ನೋಡಿದ್ದೆ,” ಅಂದರು ಅಜ್ಜಿ.

ಕಾವೇರಮ್ಮನ ನಗು ನಿಂತಿತು. “ಏನು?”

“ಅವತ್ತೇ ನೋಡಿದ್ದೆ. ನಾನೇ ಕಿತ್ತು ರೂಪಾಯಿ ಅಂಟಿಸಿ ಒಳಗಿಟ್ಟೆ.”

“ಹದಿಮೂರು ವರ್ಷದಿಂದ ಒಂದು ಮಾತೂ ಹೇಳಲಿಲ್ವಲ್ರೀ!”

“ಹೇಳಿ ಏನ್ ಮಾಡ್ಬೇಕಿತ್ತು?” ಅಂದರು ಅಜ್ಜಿ, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ.

ಕಾವೇರಮ್ಮ ಅಜ್ಜಿಯ ಕೈ ಹಿಡಿದು ಎಳೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಆಮೇಲೆ ಮೂಗು ಒರೆಸಿಕೊಂಡು ಜೋರಾಗಿ ಕೂಗಿದರು. “ಯಾರಾದ್ರೂ ಒಂದು ಲೋಟ ಬಿಸಿನೀರು ತನ್ನಿ! ಈ ಮಗು ರೂಪಾಯಿ ಬಿಡಿಸ್ಬೇಕು!”

ಬಿಸಿನೀರಿನಲ್ಲಿ ಕವರಿನ ಮೂಲೆ ಮುಳುಗಿತು. ಐದು ನಿಮಿಷಕ್ಕೆ ಕಾಗದ ಮೆತ್ತಗಾಯಿತು, ಹತ್ತು ನಿಮಿಷಕ್ಕೆ ಅಂಟು ಬಿಟ್ಟಿತು. ಸಾನ್ವಿ ಉಗುರಿನಿಂದ ಕೆರೆದು ಕೆರೆದು ತೊಳೆದಳು. ಉಲ್ಟಾ ‘1’ ಮೆಲ್ಲಗೆ ಹೊರಗೆ ಬಂತು.

ಮುಂದೆ ಏನಾಯಿತು ಕೇಳಿ. ಆ ನಾಣ್ಯ ಛತ್ರದ ತುಂಬಾ ತಿರುಗಿತು. ಅಡುಗೆಯವರು ಸೌಟು ಬಿಟ್ಟು ನೋಡಲು ಬಂದರು. ಫೋಟೋದವನು ಮದುಮಕ್ಕಳನ್ನು ಬಿಟ್ಟು ನಾಣ್ಯದ ಎರಡೂ ಕಡೆ ಫೋಟೋ ತೆಗೆದ. ಮಂಟಪದ ಮೇಲಿಂದ ಪ್ರಿಯಂವದಾ ಬಾಸಿಂಗ ಹಿಡಿದುಕೊಂಡು, “ನನಗೂ ತೋರ್ಸಿ! ಅದು ನನ್ನ ಮುಯ್ಯಿ!” ಎಂದು ಕೂಗಿದಳು.

ಕಾವೇರಮ್ಮನಿಗೆ ಮಾತ್ರ ಬೇರೆ ಚಿಂತೆ. “ಕವರಿನ ಮೇಲೆ ರೂಪಾಯಿ ಇಲ್ಲದೇ ಹೇಗಾಗುತ್ತೆ? ಒಂದು ರೂಪಾಯಿ ಇದ್ಯೇನ್ರಪ್ಪಾ ಯಾರ ಹತ್ರಾನಾದ್ರೂ?”

ಕೇಳಿದವರೆಲ್ಲ ಜೇಬು ತಡಕಿದರು. ತಡಕಿ ತಡಕಿ ಫೋನು ತೆಗೆದರು. “ಸ್ಕ್ಯಾನರ್ ಇದ್ಯಾ ಅಮ್ಮಾ?” ಅಂತ ಒಬ್ಬರು ಕೇಳಿಯೂ ಬಿಟ್ಟರು.

ಆಗ ಕಂಬದ ಹಿಂದಿನಿಂದ ಸಂಕರ್ಷಣ ಹೊರಗೆ ಬಂದ. ಬೆಳಿಗ್ಗೆ ಪುರೋಹಿತರು ಅವನಿಗೆ ದಕ್ಷಿಣೆ ಅಂತ ಒಂದು ರೂಪಾಯಿ ಕೊಟ್ಟಿದ್ದರು. ಅದನ್ನು ಪಂಚೆಯ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ. ತೆಗೆಯಲು ಹೋಗಿ ಪಂಚೆ ಪೂರ್ತಿ ಸಡಿಲವಾಯಿತು. ಒಂದು ಕೈಯಲ್ಲಿ ಪಂಚೆ, ಒಂದು ಕೈಯಲ್ಲಿ ರೂಪಾಯಿ ಹಿಡಿದು ಬಂದು ಕೊಟ್ಟ. ಸಾನ್ವಿಯ ಮುಖ ಮಾತ್ರ ನೋಡಲಿಲ್ಲ. ಊಟಕ್ಕೂ ಅವನು ಬೇರೆ ಪಂಕ್ತಿಯಲ್ಲಿ ಕುಳಿತ.

ಸೋಮವಾರ ಬಂತು.

ಸಾನ್ವಿ ಬೆಳಿಗ್ಗೆಯಿಂದ ಸಿದ್ಧಳಾಗಿದ್ದಳು. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಸಂಕರ್ಷಣ ‘ನಾನು ಪೆದ್ದ’ ಅಂದಾಗ ತಾನು ಹೇಗೆ ನಗಬೇಕು ಅಂತ ನಾಲ್ಕು ಥರ ನಕ್ಕು ನೋಡಿದ್ದಳು. ನಾಲ್ಕನೆಯ ನಗು ಅವಳಿಗೇ ಬಹಳ ಇಷ್ಟವಾಗಿತ್ತು.

ಕ್ಲಾಸಿನಲ್ಲಿ ನಾಣ್ಯ ಬೆಂಚಿನಿಂದ ಬೆಂಚಿಗೆ ಹೋಯಿತು. “ವಾವ್!” “ಸಿಂಹ ಇಲ್ವೇ ಇಲ್ಲ ಗುರು!” “ತಗ್ಗಾಗಿದೆ ನೋಡೋ, ಉಗುರು ಇಳಿಯುತ್ತೆ!” ಸುಪ್ರಜಾ ಮಿಸ್ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿದರು. “ಹೇಗಾಗುತ್ತೆ ಇದು? ಇನ್ನೊಂದ್ಸಲ ಹೇಳಮ್ಮ,” ಅಂದರು.

ಸಾನ್ವಿ ಸ್ಕೆಚ್ ಪೆನ್ನಿನಲ್ಲಿ ತನ್ನ ಅಂಗೈ ಮೇಲೆ ದೊಡ್ಡದಾಗಿ ರೂಪಾಯಿ ಗುರುತು ಬರೆದಳು. “ಇದು ಅಚ್ಚಿಗೆ ಕಚ್ಕೊಂಡು ಕೂತಿರೋ ಕಾಯಿನ್ ಮಿಸ್. ಈಗ ಹೊಸ ಬಿಲ್ಲೆ ಬೇಕು.” ಸುತ್ತ ನೋಡಿದಳು. “ಸಂಕರ್ಷಣ, ಕೈ ಕೊಡು.”

ಅವನು ಹೆದರಿ ಹೆದರಿ ಎದ್ದು ಬಂದು ಕೈ ಚಾಚಿದ. ಸಾನ್ವಿ ತನ್ನ ಅಂಗೈಯನ್ನು ಅವನ ಅಂಗೈಗೆ ಒತ್ತಿದಳು. “ಧಡ್!” ಇಡೀ ಕ್ಲಾಸು ಕೂಗಿತು. ಅವನ ಕೈ ಮೇಲೆ ಉಲ್ಟಾ ರೂಪಾಯಿ ನೀಲಿಯಾಗಿ ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಮುಂದಿನ ಬೆಂಚಿನವರಿಗೆ ನೆನಪಾಯಿತು. “ಮಿಸ್, ಬೆಟ್! ಬೆಟ್! ಸಂಕರ್ಷಣ ಹೇಳ್ಬೇಕು!”

“ಮೂರು ಸಲ! ಮೂರು ಸಲ!” ಮೂವತ್ತೆಂಟು ಜನ ಡೆಸ್ಕು ಬಡಿಯತೊಡಗಿದರು.

ಸಂಕರ್ಷಣ ಕೈ ಚಾಚಿಕೊಂಡೇ ನಿಂತಿದ್ದ. ಕಿವಿ ಎರಡೂ ಕೆಂಪಗಾಗಿದ್ದವು. ಒಂದು ಸಲ ಬಾಗಿಲ ಕಡೆ ನೋಡಿದ. ಇಲ್ಲಿ ಹಿಂದೆ ನಿಲ್ಲಲು ಕಂಬವೂ ಇರಲಿಲ್ಲ. ಅವನ ತುಟಿ “ನಾ” ಅನ್ನುವವರೆಗೆ ಬಂದು ಅಲ್ಲೇ ನಿಂತಿತು.

ಸಾನ್ವಿ ನಗಬೇಕಾದ ಹೊತ್ತು ಇದೇ. ನಾಲ್ಕನೆಯ ನಗು ತುಟಿಯ ತನಕ ಬಂದಿತ್ತು. ಆದರೆ ಅವನ ಕಿವಿ ನೋಡುತ್ತಾ ನೋಡುತ್ತಾ ಅದು ಎಲ್ಲಿ ಹೋಯಿತೋ ಹೋಯಿತು. ನಿನ್ನೆ ನಾಲ್ಕನೇ ಸಾಲಿನಲ್ಲಿ ತನ್ನ ಸುತ್ತ ನಿಂತವರೂ ಹೀಗೇ ಕಾಯುತ್ತಿದ್ದರು.

“ಅವನು ನಿನ್ನೇನೇ ಹೇಳ್ಬಿಟ್ಟ ಮಿಸ್,” ಅಂದಳು ಸಾನ್ವಿ.

ಡೆಸ್ಕು ಬಡಿಯುವುದು ನಿಂತಿತು. “ಹೌದಾ? ಎಲ್ಲಿ?”

“ಮದುವೆ ಮನೇಲಿ. ಎಲ್ಲರ ಮುಂದೆ. ಮೂರು ಸಲ.”

ಮಿಸ್ ಸಂಕರ್ಷಣನ ಕಡೆ ತಿರುಗಿದರು. “ಹೌದೇನೋ?”

ಅವನು ಸಾನ್ವಿಯನ್ನು ನೋಡಿದ, ಮಿಸ್ಸನ್ನು ನೋಡಿದ, ಅಂಗೈಯನ್ನು ನೋಡಿಕೊಂಡ. “ಹೂಂ ಮಿಸ್,” ಅಂದ ಸಣ್ಣ ದನಿಯಲ್ಲಿ.

“ಸರಿ ಹಾಗಾದ್ರೆ, ಕೂತ್ಕೊಳ್ಳಿ. ಟೆಕ್ಸ್ಟ್‌ಬುಕ್ ತೆಗೀರಿ.”

ಇಬ್ಬರೂ ಅವರವರ ಬೆಂಚಿಗೆ ಹೊರಟರು. ಸಾನ್ವಿ ನಾಣ್ಯವನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಸಂಕರ್ಷಣ ಬಗ್ಗಿ ಪಿಸುಗುಟ್ಟಿದ.

“ಏ ಸಾನ್ವಿ. ನೀನು ಹೇಳಿದ್ದು ಬುರುಡೆ ಕಣೇ.”

“ಗೊತ್ತು,” ಅಂದಳು ಸಾನ್ವಿ. “ಪುಸ್ತಕ ತೆಗಿ.”